ಒಣಗಿದರೆ ಆಟಕ್ಕೆ

ಪಂದ್ಯದ ತಾರೀಖು ಗೊತ್ತುಮಾಡಿದ್ದು ಪಂಚಾಂಗವಲ್ಲ,
ವಾಲ್ವ್ ತಿರುಗಿಸುವ ಗಾದಿಲಿಂಗ.
"ಈ ಸಲ ನಿಮ್ಮ ಲೈನಿಗೆ ಗುರುವಾರ ರಾತ್ರಿ ಎರಡಕ್ಕೆ ಬಿಡ್ತೀನಿ" ಅಂದ.
ಹಾಗಾಗಿ ಶುಕ್ರವಾರ, ನಮಾಜು ಮುಗಿದ ಮೇಲೆ,
ಕೌಲ್ ಬಜಾರಿನ ನಮ್ಮ ಓಣಿಯ ಖಾಲಿ ಜಾಗದಲ್ಲಿ.
ನಸೀಬಕ್ಕೆ ಅವತ್ತು ಯೂನಿಟ್ಟಿಗೆ ಕರೆಂಟೂ ಇರಲಿಲ್ಲ.

ಚಂದಾ ರಶೀದಿ ಪುಸ್ತಕ ತಂದಿದ್ದೆವು, ಬಳಸಲಿಲ್ಲ.
ಪ್ರವೇಶಕ್ಕೆ ತಲೆಗೊಂದು ಚೊಂಬು ನೀರು,
ನೀಲಿ ಡ್ರಮ್ಮಿಗೆ ಎಲ್ಲರೆದುರು ಸುರಿಯಬೇಕು.
ಸುರಿಯುವಾಗ ಯಾರೂ ಮಾತಾಡಲಿಲ್ಲ,
ಹುಂಡಿಗೆ ಹಾಕುವಾಗ ಇರುತ್ತಲ್ಲ, ಹಾಗೆ.
ಯಂಕಮ್ಮತ್ತೆ ಮಾತ್ರ ಮೊಮ್ಮಗಳ ಮುಂಗೈ ಹಿಡಿದು
"ಸಾಕು, ಉಳಿದದ್ದು ಬೇಳೆಗೆ" ಅಂದಳು.
ಅರ್ಧ ಚೊಂಬು, ಪೂರ್ತಿ ಆಟಗಾರ್ತಿ,
ಹಾಗೇ ಬರೆದುಕೊಂಡೆ.

ವಾಷಿಂಗ್ ಯೂನಿಟ್ಟಿನ ನೀರು ಬಿಟ್ಟಿ ಸಿಗುತ್ತಿತ್ತು.
ಬೇಕಾದಷ್ಟು ತುಂಬಿಕೊಳ್ಳಿ ಅಂದಿದ್ದ ಮಾಲೀಕ, ನಗುತ್ತಲೇ.
ಹನ್ನೊಂದು ವರ್ಷ ಅದರಲ್ಲಿ ಕೈ ಅದ್ದಿದ ಶಮೀಮಾ
ಸುಮ್ಮನೆ ಅಂಗೈ ತಿರುಗಿಸಿ ತೋರಿಸಿದಳು.
ಆ ವಿಷಯ ಅಲ್ಲಿಗೆ ಮುಗಿಯಿತು.

ಜಗಳ ಹತ್ತಿದ್ದು ಬೇರೆಯದಕ್ಕೆ:
ನೀರು ತಾಗಿತೋ ಇಲ್ಲವೋ, ಹೇಳುವವರು ಯಾರು?
ಆಣೆ ಪ್ರಮಾಣಕ್ಕೆ ನಮ್ಮ ಓಣಿಯಲ್ಲಿ ಬೆಲೆಯಿಲ್ಲ,
ಮಕ್ಕಳದಕ್ಕಂತೂ ಬಿಡಿ.
ಆಗ ನೆನಪಾಯಿತು, ಕಟಿಂಗ್ ಟೇಬಲ್ಲಿನ ಕೆಳಗೆ
ಗೋಣಿಗಟ್ಟಲೆ ಬಿದ್ದಿರುವ ಡೆನಿಮ್ ಚಿಂದಿ.
ಒಗೆದು ಒಗೆದು ಬಿಳುಚಿದ ತಿಳಿನೀಲಿ,
ಹನಿ ಬಿದ್ದರೆ ಸಾಕು, ಅಷ್ಟಗಲ ಕಪ್ಪು.
ಎರಡು ರಾತ್ರಿ ಕೂತೆ, ಪೀಸ್ ರೇಟಿಲ್ಲದ ಹೊಲಿಗೆ,
ಮೂವತ್ತೆಂಟು ಎದೆಪಟ್ಟಿ.
ಯೂನಿಟ್ಟಿನಲ್ಲಿ ನನ್ನದು ಬಲಗಡೆಯ ಜೇಬು ಮಾತ್ರ;
ಶುರುವಿನಿಂದ ಕೊನೆಯ ಗಂಟಿನವರೆಗೆ
ಒಂದು ಬಟ್ಟೆ ನಾನೇ ಹೊಲಿದು ಎಷ್ಟು ಕಾಲವಾಗಿತ್ತು.

ಪಿಚಕಾರಿ ಅನ್ನಬಾರದಂತೆ, ಗನ್ನು ಅನ್ನಬೇಕು.
ಹಳದಿ, ಕೆಂಪು, ಹೆಗಲಿಗೆ ಟ್ಯಾಂಕಿ ಇರುವಂಥವು ಎರಡು.
ಯರ್ರಿಸ್ವಾಮಿಯದು ಫಿನಾಯಿಲ್ ಬಾಟಲಿ,
ಮುಚ್ಚಳಕ್ಕೆ ದಬ್ಬಣದ ತೂತು. ಅವನ ಗುರಿಯೇ ಗುರಿ.
ನಿಯಮ ಒಂದೇ: ಎದೆ ಕಪ್ಪಾದರೆ ಔಟು, ಕಟ್ಟೆ ಮೇಲೆ ಕೂರು.

ಬರೆದವಳು ನಾನೇ,
ಬಳ್ಳಾರಿಯ ಬಿಸಿಲನ್ನು ಮರೆತು ಬರೆದೆ.
ಔಟಾಗಿ ಬಂದ ಖಾಜಾಹುಸೇನಿ
ಸಿಟ್ಟಿಗೆ ಮೂಗು ಒರೆಸಿಕೊಂಡು ತಲೆ ಎತ್ತುವಷ್ಟರಲ್ಲಿ
ಎದೆಯ ಮೇಲೆ ಏನೂ ಇಲ್ಲ.
"ಅಕ್ಕಾ, ನಾನು ಒಣಗೀನಿ!"
ಗಾದಿಲಿಂಗ ಸೀಟಿಯನ್ನು ಬಾಯಲ್ಲೇ ಇಟ್ಟುಕೊಂಡು
ನನ್ನ ಮುಖ ನೋಡಿದ.
ಮೂರು ನಿಮಿಷ, ಹೆಚ್ಚೆಂದರೆ ನಾಲ್ಕು.
ಸುಳ್ಳು ಹೇಳೋಕೆ ಬಟ್ಟೆಗೇನು ಬಂದಿದೆ?
"ಒಣಗಿದರೆ ಆಟಕ್ಕೆ" ಅಂದೆ.

ಆಮೇಲೆ ಪಂದ್ಯ ಮುಗಿಸುವುದು ಯಾರ ಕೈಯಲ್ಲೂ ಇರಲಿಲ್ಲ.
ಸತ್ತವರು ಕಟ್ಟೆಯಿಂದ ಧುಮುಕಿ ಬರುತ್ತಿದ್ದರು,
ಮತ್ತೆ ಸಾಯುತ್ತಿದ್ದರು, ಕಿರುಚಿಕೊಂಡು,
ಎದೆ ಮುಂದೆ ಮಾಡಿ ಬಿಸಿಲಿಗೆ ನಿಲ್ಲುತ್ತಿದ್ದರು.
ಸೆಮಿಫೈನಲ್ಲು, ಫೈನಲ್ಲು ಎಲ್ಲ ಕಲಸಿಹೋಯಿತು.
ಬಹುಮಾನದ ಮುಚ್ಚಳದ ಬಕೆಟ್ಟು ಈಗಲೂ ನಮ್ಮ ಮನೆಯಲ್ಲೇ ಇದೆ,
ಗೆದ್ದವರು ಬಂದು ಒಯ್ಯಬಹುದು.

ಕೊನೆಗೆ ಡ್ರಮ್ಮು ಬಗ್ಗಿಸಿದಾಗ ತಳದಲ್ಲಿ ಒಂದು ಲೋಟದಷ್ಟು,
ಕೆಂಪು ಧೂಳಿನ ಗಸಿ ಸೇರಿ.
ಯಾರು ತುಂಬಿಕೊಂಡರೋ ನೋಡಲಿಲ್ಲ.
ಎದೆಪಟ್ಟಿ ವಾಪಸು ಎಣಿಸಿದೆ: ಮೂವತ್ತೇಳು,
ಎಲ್ಲ ಗರಿಗರಿ, ಹಪ್ಪಳದ ಹಾಗೆ.

ಇನ್ನೊಂದು ಯಂಕಮ್ಮತ್ತೆಯ ಸೀರೆಯ ಮೇಲಿತ್ತು.
ಯಾವಾಗ ಕಟ್ಟಿಕೊಂಡಳೋ, ಯಾರು ಹೊಡೆದರೋ,
ನಟ್ಟನಡುವೆ, ಅಂಗೈಯಗಲ ಕಪ್ಪು.
ಗೋಡೆಯ ನೆರಳಿಗೆ ಸರಿದು ಕೂತಿದ್ದಳು,
ಸೆರಗನ್ನು ಮೇಲಕ್ಕೆಳೆದು ಬಿಸಿಲಿಗೆ ಅಡ್ಡ ಹಿಡಿದು.
"ಬಿಸಿಲಿಗೆ ಬಾರತ್ತೆ, ಒಣಗತ್ತೆ" ಅಂದೆ.
"ನಿಂಗ್ಯಾಕೆ ಅವಸರ?
ತಂಪೈತೆ, ಇರಲಿ" ಅಂದಳು.