ಹತ್ತಕ್ಕೆ ಸಮುದ್ರ ಬಂದ್

ಐಸ್ ಪ್ಲಾಂಟಿನವರ ಲಕ್ಕಿ ಡ್ರಾದಲ್ಲಿ
ನಮಗೆ ಬೇಕಿದ್ದದ್ದು ಮೂರನೇ ಬಹುಮಾನದ ಮಿಕ್ಸಿ.
ಬಂದದ್ದು ಮೊದಲನೆಯದು:
ಕೊಡಗಿನಲ್ಲಿ, ಹಾರಂಗಿ ಹಿನ್ನೀರಿನ ದಂಡೆಯ ರಿಸಾರ್ಟಿನಲ್ಲಿ
ಇಬ್ಬರಿಗೆ ಎರಡು ರಾತ್ರಿ,
ಊಟ ಸೇರಿ, ಕುಡಿಯುವುದು ಬಿಟ್ಟು.

ಜೂನ್ ಒಂದಕ್ಕೆ ಬೋಟುಗಳು ದಡ ಹತ್ತಿದವು,
ಎರಡಕ್ಕೆ ನಾವು ಸಂಪಾಜೆ ಘಾಟಿ ಹತ್ತಿದೆವು.
ನಲವತ್ತು ವರ್ಷ ಬೆಂಗರೆಯಲ್ಲಿ ದೋಣಿ ಕಟ್ಟಿದ ಇವರಿಗೆ
ನಾಲ್ಕನೇ ತಿರುವಿನಲ್ಲೇ ವಾಂತಿ.

ಗೇಟು ದಾಟಿ ತಲೆ ಎತ್ತಿದರೆ, ಅಯ್ಯೋ,
ಕವುಚಿ ಹಾಕಿದ ದೋಣಿ!
ಮೂರು ಮಾಳಿಗೆ ಎತ್ತರ,
ಹೊಟ್ಟೆ ಮೋಡಕ್ಕೆ, ಮೂತಿ ಕಾಫಿ ತೋಟದ ಕಡೆಗೆ.
'ಇದಕ್ಕೆ ಪ್ರಶಸ್ತಿ ಬಂದಿದೆ ಆಂಟಿ' ಅಂದಳು
ದೇಚಮ್ಮ ಎಂಬ ಬ್ಯಾಡ್ಜಿನ ಹುಡುಗಿ.
ನಮ್ಮ ಕಡೆ ದೋಣಿ ಕವುಚಿದರೆ ಎರಡೇ ಅರ್ಥ:
ಒಂದು, ಮಳೆಗಾಲ ಬಂತು.
ಇನ್ನೊಂದನ್ನು ನಾನು ಹೇಳಲಿಲ್ಲ.
ಜ್ಯೂಸು ಕೊಟ್ಟಿದ್ದಳು, ಕುಡಿದೆ.

ಇವರು ಕುಡಿಯಲಿಲ್ಲ. ಕತ್ತು ಹಿಂದೆ ಹಾಕಿ
ದೋಣಿಯ ಪಕ್ಕೆಲುಬು ಎಣಿಸುತ್ತ ನಿಂತರು.
ಇಪ್ಪತ್ತೆರಡು.
'ಈ ಉದ್ದಕ್ಕೆ ಸಾಲದು, ನೀರಿಗಿಳಿಸಿದರೆ ಬಾಯಿ ಬಿಡುತ್ತದೆ.'
ಒಂದು ಕಂಬದ ಹತ್ತಿರ ಹೋಗಿ ಗೆಣ್ಣಿನಿಂದ ಬಡಿದರು.
ಟಣ್.
ಹೆಬ್ಬಲಸಿನ ಬಣ್ಣ, ಹೆಬ್ಬಲಸಿನ ಗೆರೆ,
ಒಳಗೆ ಕಬ್ಬಿಣ.
ಒಂದು ಕಾಲಕ್ಕೆ ಈ ಬೆಟ್ಟಗಳಿಂದಲೇ
ನಮಗೆ ಹೆಬ್ಬಲಸು ಇಳಿಯುತ್ತಿತ್ತು,
ತೊಗಟೆಯೊಳಗೆ ಇಲ್ಲಿಯ ಇರುವೆಗಳ ಸಮೇತ.

ಬೀಚು ಅಂದರೆ
ಛತ್ರಿ, ಒರಗು ಕುರ್ಚಿ, ಕುಂಡದಲ್ಲಿ ತೆಂಗು, ಬಿಳಿ ಮರಳು.
ನೀರು ಮಾತ್ರ ಅಲ್ಲಿರಲಿಲ್ಲ.
ಬೇಸಿಗೆಗೆ ಇಳಿದು ಇಳಿದು
ನೂರು ಹೆಜ್ಜೆ ಕೆಳಗೆ, ಕೆಂಪು ಕೆಸರಿನಾಚೆ,
ಮುಳುಗಿದ ಮರಗಳ ಬೊಡ್ಡೆಗಳ ನಡುವೆ ಕೂತಿತ್ತು.
ಅಲೆಯ ಸದ್ದು ಕಲ್ಲಿನಿಂದ ಬರುತ್ತಿತ್ತು.
ಕಲ್ಲಲ್ಲ, ಸ್ಪೀಕರು.
ಏಳು ಅಲೆಗೊಮ್ಮೆ ಅದೇ ಹಕ್ಕಿ ಕೂಗುತ್ತದೆ
ಅಂತ ಇವರು ಕಂಡುಹಿಡಿದರು.

ರಾತ್ರಿ ಹತ್ತಕ್ಕೆ ಸರಿಯಾಗಿ
ಯಾರೋ ಸಮುದ್ರವನ್ನು ಆಫ್ ಮಾಡಿದರು.

ಮೆತ್ತೆಯ ಮೇಲೆ ಮಲಗಿದ್ದ ಇವರು ಎದ್ದು ಕೂತರು.
ಹುಟ್ಟಿದಂದಿನಿಂದ
ಒಂದು ರಾತ್ರಿಯೂ ಕಡಲು ಸುಮ್ಮನಾದದ್ದಿಲ್ಲ
ಇವರ ಕಿವಿಯಲ್ಲಿ.
'ಏನಾಯಿತು?' ಅಂದರು, ಸಾವಿನ ಮನೆಯ ಬಾಗಿಲಲ್ಲಿ ಕೇಳುವ ಹಾಗೆ.
'ಕರೆಂಟ್ ಉಳಿಸುತ್ತಾರೆ, ಮಲಗಿ' ಅಂದೆ.
ನಾನೂ ಮಲಗಲಿಲ್ಲ.

ಬೆಳಿಗ್ಗೆ ಆರಕ್ಕೆ
ಮರಳಿನ ಮೇಲೆ ಹಲುಬೆ ಎಳೆಯುತ್ತಿದ್ದ ಒಬ್ಬ.
ಹೆಸರು ತಿಮ್ಮ, ಜೇನುಕುರುಬರವನು.
ನಿನ್ನೆಯ ಹೆಜ್ಜೆ ಅಳಿಸುವುದು ಅವನ ಕೆಲಸ.
ನಮ್ಮಲ್ಲಿ ಅಲೆ ಮಾಡುವುದಕ್ಕೆ
ಇಲ್ಲಿ ಸಂಬಳ ಕೊಟ್ಟು ಆಳು.
ಹಲುಬೆಯ ಹಲ್ಲಿಗೆ ಏನೋ ಸಿಕ್ಕಿ ಕಿರ್ ಅಂದಿತು:
ಮರುವಾಯಿಯ ಚಿಪ್ಪು.

ಕೈಗೆ ತಗೊಂಡೆ. ನಮ್ಮದೇ.
ರಾತ್ರಿಯ ಲಾರಿಗಳು ಅಳಿವೆಯಿಂದ ಮರಳು ಹೊತ್ತು
ದೀಪ ಆರಿಸಿ ಎಲ್ಲಿಗೆ ಹೋಗುತ್ತಿದ್ದವೆಂದು
ಆರು ವರ್ಷ ಆದಮೇಲೆ ಗೊತ್ತಾಯಿತು,
ಅದೂ ಪುಕ್ಕಟೆ ಕೂಪನ್ನಿನಲ್ಲಿ.

'ಹೆಕ್ಕಿ ಎಸೀಬೇಕಂತೆ ಅಕ್ಕ, ಗೆಸ್ಟುಗಳ ಕಾಲಿಗೆ ಚುಚ್ಚುತ್ತೆ.'
ಎಸೆದೆಯಾ ಅಂದೆ.
ಇಲ್ಲ. ಶೆಡ್ಡಿನ ಹಿಂದೆ ಗೋಣಿಚೀಲ ತೋರಿಸಿದ,
ಮುಕ್ಕಾಲು ತುಂಬಿತ್ತು.
ಇದು ಮೂರನೆಯದು. ಮೊದಲಿನ ಎರಡನ್ನು
ಅವನ ಅವ್ವ ಹಾಡಿಯಲ್ಲಿ ಸುಟ್ಟಿದ್ದಾಳೆ.
ಸೊಂಟದಿಂದ ಡಬ್ಬಿ ತೆಗೆದ.
ಸುಣ್ಣ.

'ಸಮುದ್ರ ನಿಜವಾಗ್ಲೂ ಉಪ್ಪಾ ಅಕ್ಕ?'
'ಹೌದು.'
'ಅಷ್ಟೂನಾ?'
'ಅಷ್ಟೂ.'
ನಂಬಿದನೋ ಇಲ್ಲವೋ,
ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಚಿ ಕೊಟ್ಟ.

ಇವರು ಗಾಜಿನ ಬಾಗಿಲಿಂದ ಕೈ ಮಾಡುತ್ತಿದ್ದರು,
ತಿಂಡಿ ಮುಗಿಯುತ್ತದೆ ಬಾ ಅಂತ.
ಕಲ್ಲುಗಳೊಳಗೆ ಸಮುದ್ರ ಮತ್ತೆ ಶುರುವಾಯಿತು,
ಏಳನೆಯ ಅಲೆಗೆ ಹಕ್ಕಿ.
ಸುಣ್ಣ ಸ್ವಲ್ಪ ಹೆಚ್ಚಾಗಿತ್ತು.
ಊರಿನ ನಾಲಿಗೆ ಸುಟ್ಟುಕೊಂಡು
ಉಗುಳಲು ಜಾಗ ಹುಡುಕುತ್ತ
ಆ ನುಣ್ಣಗಿನ ಮರಳಿನ ಮೇಲೆ ನಡೆದೆ.
ಹಿಂದಿನಿಂದ ಹಲುಬೆಯ ಸದ್ದು.