ಮೂರನೆಯ ಟ್ಯೂಬ್‌ಲೈಟು

ವಾಲ್ಪರೈಸೊದ ಗುಡ್ಡದ ನೆತ್ತಿಗೆ
ಹಗ್ಗದ ಗಾಡಿ ದಿನದ ಮೊದಲ ಸಲ ಏರುವ ಹೊತ್ತಿಗೆ
ನನ್ನ ಬೇಕರಿಯ ಕದ ತೆರೆದಿರುತ್ತದೆ.
ಆರೂ ನಲವತ್ತಕ್ಕೆ ಎವರಿಸ್ತೊ.
ಮೂವತ್ತೆಂಟರ ಗಂಡಸು, ಅದೇ ಹಸಿರು ಸ್ವೆಟರು,
ಕತ್ತಿನ ಲೇಬಲ್ಲು ಕತ್ತರಿಸಿ ತೆಗೆದದ್ದು.
ನಾಲ್ಕು ಬೆರಳು ಎತ್ತುತ್ತಾನೆ, ಚಿಲ್ಲರೆ ಸಾಲಾಗಿ ಜೋಡಿಸುತ್ತಾನೆ,
ಬ್ರೆಡ್ಡು ಕಂಕುಳಿಗೆ ಸಿಕ್ಕಿಸಿ
ಎರಡೂ ಕೈ ಕಿವಿಗೊತ್ತಿಕೊಂಡು ಓಡುತ್ತಾನೆ.

ಹನ್ನೊಂದು ವರ್ಷ.
ನನ್ನ ಹಾಡು ಅವನಿಗಾಗದು ಅಂದುಕೊಂಡೆ,
ಹಾಡುವುದನ್ನು ಬಿಟ್ಟೆ.
ಆಮೇಲೆ, ನಾನೇ ಅವನಿಗೆ ಆಗಿಬರುವುದಿಲ್ಲ ಅಂದುಕೊಂಡೆ.
ಗಿರಾಕಿಗಳು ತಲೆಗೊಂದು ಮಾತಾಡಿದರು.
ನಾನೂ ಒಂದೆರಡು ಸಲ ತಲೆಯಾಡಿಸಿದ್ದುಂಟು.

ಕಳೆದ ಮಾರ್ಚಿನಲ್ಲಿ ಅವನ ಕೊರಳಿಗೊಂದು ಟ್ಯಾಬ್ಲೆಟ್ಟು ಬಂತು.
ಎರಡು ಪದ ಒತ್ತಿದರೆ ಸಾಕು,
ಉಳಿದದ್ದನ್ನು ಊಹಿಸಿ ವಾಕ್ಯ ಹೆಣೆದು ಗಟ್ಟಿಯಾಗಿ ಓದುತ್ತದೆ
ಅಂದಳು ತಂಗಿ ದಾಮಿಯಾನಾ.
ಮೊದಲ ದಿನ ಅದು ಉಲಿಯಿತು:
"ಶುಭೋದಯ, ಮಾನ್ಯ ಮಹಿಳೆಯೇ, ತಾವು ದಯಮಾಡಿ
ನನಗೆ ನಾಲ್ಕು ಬ್ರೆಡ್ಡುಗಳನ್ನು ದಯಪಾಲಿಸಬಹುದೇ?"
ಒಂದಕ್ಷರ ನುಂಗಲಿಲ್ಲ!
ನಾವೋ, ಈ ಗುಡ್ಡದವರು,
ಪ್ರತಿ ಪದದ ಬಾಲ ಕಚ್ಚಿ ನುಂಗುವವರು.
ಸಾಲಲ್ಲಿದ್ದವರು ನಕ್ಕರು.
ಎವರಿಸ್ತೊ, ಯಾರದೋ ಅಂಗಿ ತೊಡಿಸಿದ ಹಾಗೆ
ಹೆಗಲು ಕೊಡವಿದ.

ಮರುದಿನ ಮಾನ್ಯ ಮಹಿಳೆ ಹೋದಳು.
ವಾರದೊಳಗೆ ದಯೆ ಉದುರಿತು.
ಅವನು ಅಳಿಸುತ್ತ ಹೋದ, ಅದು ಕಲಿಯುತ್ತ ಹೋಯಿತು.
ಮೇ ತಿಂಗಳಿಗೆ ಉಳಿದದ್ದಿಷ್ಟು:
"ನಾಲ್ಕು. ಕೆಂಪಗೆ ಬೆಂದದ್ದು."
ಇದು ಅವನದೇ ದನಿ ಎಂದು
ಯಾರೂ ಹೇಳಬೇಕಾಗಲಿಲ್ಲ.
ಇಷ್ಟು ವರ್ಷ ನಾನು, ಒಳ್ಳೆಯದೆಂದು,
ಬಿಳಚಿದವನ್ನೇ ಆರಿಸಿ ಆರಿಸಿ ಕೊಟ್ಟಿದ್ದೆ.

"ಹೇಗಿದ್ದೀ?" ಅಂದೆ ಒಮ್ಮೆ, ಬಾಯಿಯ ಅಭ್ಯಾಸ.
ಪರದೆ ಮೂರು ಉತ್ತರ ಮುಂದಿಟ್ಟಿತು:
ಚೆನ್ನಾಗಿದ್ದೇನೆ, ಬಹಳ ಚೆನ್ನಾಗಿದ್ದೇನೆ, ನೀವು?
ಮೂರನ್ನೂ ಬಿಟ್ಟು ಒಂದೊಂದೇ ಅಕ್ಷರ ಕುಟ್ಟಿದ,
ಹಿಂದಿನವನು ಗಡಿಯಾರ ನೋಡುತ್ತಿದ್ದ,
"ಈಗಷ್ಟೇ ಭಟ್ಟಿಯಿಂದ ತೆಗೆದದ್ದು. ಮುಟ್ಟಬೇಡಿ."

ಮತ್ತೆ, ಜೂನಿನ ಚಳಿಯಲ್ಲೊಂದು ಬೆಳಗ್ಗೆ:
"ನಿಯೆವೆಸ್. ಮೂರನೆಯ ಟ್ಯೂಬ್‌ಲೈಟು ಕೂಗುತ್ತದೆ."
ತಲೆಯೆತ್ತಿದೆ. ಕಿವಿಗೊಟ್ಟೆ. ಏನೂ ಇಲ್ಲ.
ಸ್ಟೂಲು ಹತ್ತಿ ಕಿವಿ ತಾಗಿಸಿದೆ.
ಇಲ್ಲವೆಂದರೂ ಉಂಟು,
ಬಾಟಲಿಯೊಳಗೆ ಸಿಕ್ಕ ನೊಣದಷ್ಟು.
ಕಿತ್ತು ಕೆಳಗಿಟ್ಟೆ.
ಅವನ ಕೈಗಳು ಕಿವಿಯಿಂದಿಳಿದು
ಗಾಜಿನ ಮೇಲೆ ಬಂದು ಕೂತವು.
ಉದ್ದನೆಯ ಬೆರಳು. ಹೆಬ್ಬೆರಳಲ್ಲೊಂದು ಸುಟ್ಟ ಗುರುತು.
ಹೊಸ ಬಲ್ಬಿಗೆ ಎರಡು ಸಾವಿರ ಪೆಸೊ.
ಹನ್ನೊಂದು ವರ್ಷ.

ಎಲ್ಲ ಸರಿಹೋಯಿತೆಂದಲ್ಲ.
ಚಾರ್ಜು ಮುಗಿದ ದಿನ ಮತ್ತೆ ನಾಲ್ಕು ಬೆರಳೇ.
ಅಪ್‌ಡೇಟು ಬಂದ ದಿನ ಮಾನ್ಯ ಮಹಿಳೆ ತಿರುಗಿ ಬಂದಳು;
ಅವನು ಟ್ಯಾಬ್ಲೆಟ್ಟನ್ನು
ನನ್ನ ಹಿಟ್ಟಿನ ಡಬ್ಬಿಯಲ್ಲಿ ಬೋರಲು ಹಾಕಿಟ್ಟ.

ನಿನ್ನೆ ಸುನಾಮಿ ತಾಲೀಮು.
ಹನ್ನೊಂದಕ್ಕೆ ಸೈರನ್ನೆಂದು ಚೀಟಿ ಹಂಚಿದ್ದರು.
ಹಿಂದೆ ತಾಲ್ಕವಾನೊದಲ್ಲಿ
ಕಡಲು ನಮ್ಮ ಅಡುಗೆಮನೆಗೆ ಬಂದ ರಾತ್ರಿಯ ಕತೆ
ಈ ಗುಡ್ಡದಲ್ಲಿ ಯಾರಿಗೂ ನಾನು ಹೇಳಿಲ್ಲ.
ಎವರಿಸ್ತೊ ಬಂದ, ಅವನ ಹೊತ್ತಲ್ಲದ ಹೊತ್ತಿನಲ್ಲಿ,
ಪರದೆಯನ್ನು ನನ್ನತ್ತ ತಿರುಗಿಸಿ ಹಿಡಿದ.
ಯಂತ್ರ ಅವನಿಗೆಂದು ಬರೆದುಕೊಟ್ಟ ಪಟ್ಟಿ:
ಒಂದು, ಇದು ನಿಜವಲ್ಲ.
ಎರಡು, ಮೂರು ನಿಮಿಷಕ್ಕೆ ನಿಲ್ಲುತ್ತದೆ.
ಮೂರು, ಮೆಟ್ಟಿಲು ಎಣಿಸು, ನೂರ ಅರವತ್ತೆರಡು.
ಕೆಳಗೆ ಅವನೇ ಕುಟ್ಟಿ ಸೇರಿಸಿದ್ದು:
"ನಾಲ್ಕು. ನಿಯೆವೆಸ್ ಹೆದರುತ್ತಾಳೆ. ಅವಳಿಗೂ ತೋರಿಸು."

ಸೈರನ್ನು ಕೂಗಿತು.
ಅವನು ಹೆಡ್‌ಫೋನು ಹಾಕಿದ,
ನಾನು ಹಿಟ್ಟು ಮೆತ್ತಿದ ಕೈ ಎರಡೂ ಕಿವಿಗೆ.
ಎಂಬತ್ತಾರರ ಹತ್ತಿರ ಲೆಕ್ಕ ತಪ್ಪಿದೆ.
ಅವನು ನಿಂತ.
ನಿಂತ ಮೆಟ್ಟಿಲನ್ನೇ
ಒಂದು ಎಂದು ಬೆರಳೆತ್ತಿ ತೋರಿಸಿದ.