ಅಕ್ರೋಟಿನ ಸರ

"ಏನಿದೆ ಇದರಲ್ಲಿ, ಬಲು ಸುಲಭ" ಅನ್ನುತ್ತಾಳೆ ಅತ್ತೆ
ನಜಿಬ್ರೋಲ. ಬೆರಳೆಲ್ಲ ಕಪ್ಪು,
ಅಕ್ರೋಟಿನ ಹಸಿ ಸಿಪ್ಪೆ ಸುಲಿದ ಕಪ್ಪು,
ಸೋಪಿಗೆ ಬಗ್ಗದ್ದು, ನಿಂಬೆಗೆ ಜಗ್ಗದ್ದು.
"ಸೂಜಿ ಇದೆ, ದಾರ ಇದೆ,
ಕೈಯಂತೂ ಎರಡಿವೆ ನಿನಗೂ."

ನಾನು ತ್ಬಿಲಿಸಿಯವಳು, ಎಂಟನೇ ಮಹಡಿಯಲ್ಲಿ ಬೆಳೆದವಳು.
ನನ್ನ ಪಾಲಿಗೆ ಚುರ್ಚ್‌ಖೇಲ ಅಂದರೆ
ರೈಲು ನಿಲ್ದಾಣದ ಹೊರಗೆ ಮುದುಕಿಯರು ತೂಗುಬಿಟ್ಟದ್ದು,
ಮೇಣದಬತ್ತಿಯೇ ಎಂದು ಪರದೇಶದವರು ಕೇಳುವಂಥದ್ದು,
ಚೌಕಾಸಿ ಮಾಡಿ ಎರಡು ಕೊಂಡು
ಬಸ್ಸು ಇಳಿಯುವುದರೊಳಗೆ ಮುಗಿಸುವಂಥದ್ದು.

ಇಲ್ಲಿ, ಅಲಜಾನಿ ಕಣಿವೆಯ ಈ ಅಂಗಳದಲ್ಲಿ,
ಅದಕ್ಕೆ ಇಡೀ ಒಂದು ದಿನ ಬೇಕು.
ಬೆಳಗಿನಿಂದ ಪೋಣಿಸುತ್ತಿದ್ದೇವೆ.
ನೆನೆಸಿ ಮೆತ್ತಗಾದ ಅರೆಹೋಳುಗಳು,
ಒಂದೂವರೆ ಗೇಣು ದಾರ,
ತುದಿಗೊಂದು ಗಂಟು, ತಲೆಗೊಂದು ಕುಣಿಕೆ.
ತೇಕ್ಲೆ ಎಣಿಸುತ್ತಾಳೆ, ಹದಿನೇಳಾದ ಮೇಲೆ
ಯಾಕೋ ಇಪ್ಪತ್ತು.
ಮುಂದಿನ ಹಲ್ಲು ಅಲುಗಾಡುತ್ತಿದೆ,
ನಾಲಿಗೆಗೆ ಅದೊಂದೇ ಕೆಲಸ.

ಉಚಾನಿಗೆ ಸೂಜಿ ಕೊಟ್ಟಿಲ್ಲ, ನಾಲ್ಕೇ ವರ್ಷ.
ಅವನಿಗೆ ಚಿಪ್ಪುಗಳು.
ಚಿಪ್ಪಿನೊಳಗೆ ಒಂದು ಹನಿ ಮೇಣ,
ಮೇಣಕ್ಕೆ ಬೆಂಕಿಕಡ್ಡಿಯ ಕಂಬ,
ಕಂಬಕ್ಕೆ ಕೆಂಪಾದ ದ್ರಾಕ್ಷಿ ಎಲೆಯ ಹಾಯಿ.
ಕೋಳಿಗಳು ನೀರು ಕುಡಿಯುವ ತಗಡಿನ ತಟ್ಟೆಯಲ್ಲಿ
ಹನ್ನೊಂದು ದೋಣಿ ಹೊರಟಿವೆ.
ಹುಂಜ ಬಂದು ಒಂದನ್ನು ಮುಳುಗಿಸಿತು;
ಉಳಿದವು ಸಾಗಿದವು.

ದ್ರಾಕ್ಷಿ ರಸ ಕುದಿಯುತ್ತಿದೆ. ಹಿಟ್ಟು ಕಲಸಿ ಹೊಯ್ದಿದ್ದೇನೆ.
"ಗಂಟಾಗಬಾರದು, ತಳ ಹಿಡಿಯಬಾರದು,
ಕೈ ನಿಲ್ಲಿಸಬಾರದು, ಅಷ್ಟೇ."
ಅಷ್ಟೇ.
ಒಂದೇ ಒಂದು ಸಲ ನಾನು ಫೋನು ನೋಡಿದೆ.
ಮಾಲ್ಖಾಜ್ ಲಾರ್ಸಿ ಗಡಿಯಲ್ಲಿ, ಲಾರಿಗಳ ಸಾಲಿನಲ್ಲಿ,
ಮೂರನೇ ದಿನ, ಮುನ್ನೂರು ಲಾರಿಗಳ ಹಿಂದೆ.
ಮೇಲೆ ಹಿಮ ಬಿದ್ದಿದೆಯಂತೆ, ದಾರಿ ಮುಚ್ಚಬಹುದಂತೆ.
ಓದಿ ಮುಗಿಸುವಷ್ಟರಲ್ಲಿ ಸೀದ ವಾಸನೆ.

ಅತ್ತೆ ಬೈಯಲಿಲ್ಲ. ಕಡಾಯಿ ಎತ್ತಿ ನಡೆದಳು
ಹಿತ್ತಲಿನ ಕಡೆಗೆ.
"ಹಂದಿಗೂ ಒಂದು ಹಬ್ಬ ಬೇಡವೇನೆ."

ಎರಡನೇ ಸಲ ಫೋನು ಹಿಟ್ಟಿನ ಡಬ್ಬದೊಳಗೆ.
ತೋಳು ಬಿದ್ದುಹೋಗುವವರೆಗೆ ತಿರುವಿದೆ.
ಸೌಟಿನ ಬೆನ್ನಿಗೆ ಅಂಟಿ, ತಟ್ಟೆಯ ಮೇಲೆ ಹನಿಸಿದರೆ
ಓಡದೆ ನಿಂತಿತು. ಅದೇ ಹದ.
ಒಂದೊಂದೇ ಸರ ಅದ್ದಿ, ತೊಟ್ಟಿಕ್ಕಿಸಿ,
ಸೂರಿನ ಕೆಳಗಿನ ಗಳುವಿಗೆ ಇಳಿಬಿಟ್ಟೆವು.
ಇಪ್ಪತ್ತಾರು. ಕಣಜಗಳಿಗೆ ಸುದ್ದಿ ಮುಟ್ಟಿತು.
ಕಡಾಯಿಯ ಅಂಚಿಗೆ ಮಕ್ಕಳ ಬೆರಳು,
ಬೆರಳು ಸಾಲದೆ ಮೂಗು.

ರಾತ್ರಿ ಹಾಸಿಗೆಯಲ್ಲಿ ತೇಕ್ಲೆ ನಕ್ಕಾಗ ಕಂಡಿತು, ಕಿಟಕಿ.
"ಹಲ್ಲೆಲ್ಲಿ?"
"ಸರದಲ್ಲಿ. ಎರಡು ಹೋಳಿನ ನಡುವೆ ಒತ್ತಿಟ್ಟೆ.
ಅಪ್ಪನದರಲ್ಲಿ."
"ಅಪ್ಪನದು ಯಾವುದು?"
ಅವಳು ಬಹಳ ಹೊತ್ತು ಯೋಚಿಸಿದಳು.
"ಒದ್ದೆ ಇರುವುದು."

ಅತ್ತೆ ನಕ್ಕು ನಕ್ಕು ಕೆಮ್ಮಿದಳು.
"ಹೊಸ ವರ್ಷಕ್ಕೆ ಯಾರಿಗಾದರೂ ಸಿಗುತ್ತದೆ ಬಿಡು.
ನನಗೆ ಸಿಕ್ಕರೆ ವಾಪಸು ಕೊಡಲಾರೆ,
ಇಲ್ಲಿ ಜಾಗ ಖಾಲಿ ಇದೆ."

ಎಲ್ಲರೂ ಮಲಗಿದ ಮೇಲೆ ಹೊರಗೆ ಹೋದೆ.
ಕತ್ತಲಲ್ಲಿ ಒಂದೊಂದನ್ನೇ ಒತ್ತಿ ನೋಡಿದೆ.
ಎಲ್ಲ ಒಂದೇ ಮೆತ್ತಗೆ, ಎಲ್ಲ ಒಂದೇ ತಣ್ಣಗೆ.
ಹದಿನೇಳನೆಯದಕ್ಕೆ ಬಂದಾಗ
ಹಿಟ್ಟಿನ ಡಬ್ಬ ಗುಂಯ್‌ಗುಟ್ಟಿತು.

ಅಂಟು ಕೈಗೆ ಹಿಟ್ಟು, ಕಿವಿಗೆ ಹಿಟ್ಟು.
ಸಾಲು ನೂರು ಮಾರು ಮುಂದೆ ಸರಿಯಿತಂತೆ.
"ನೀವೇನು ಮಾಡಿದಿರಿ ಇವತ್ತು?"
"ಏನಿಲ್ಲ," ಅಂದೆ, "ಸುಲಭದ್ದು.
ಬಂದಾಗ, ಕೇಳು,
ಮೆಲ್ಲಗೆ ಕಚ್ಚು."